ಮಳೆ ಕಾಣುವ ಗಾಜು, ಎಮ್ಮೆ ಕಾಣದ ಕಣ್ಣು

ಮಳೆಯನ್ನು ಗುರುತಿಸಲು ಕರಾವಳಿಯವರಿಗೆ ಉಪಕರಣ ಬೇಕಾಗಿಲ್ಲ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ನಕ್ಷತ್ರಗಳ ಲೆಕ್ಕದಲ್ಲಿ ಅದರ ಸ್ವಭಾವವನ್ನು ಅಳೆದವರು ನಾವು. ತುಂತುರು, ಸೋನೆ, ಜಿಟಿಜಿಟಿ, ಜಡಿ, ಬಿರುಮಳೆ ಎಂದು ಅದರ ಒಂದೊಂದು ನಡೆಗೂ ಒಂದೊಂದು ಹೆಸರಿಟ್ಟವರು. ಆ ವಿದ್ಯೆ ಈಗ ನಮ್ಮ ಕಾರುಗಳ ಮುಂಗಾಜಿಗೂ ಬಂದಿದೆ. ಮೊದಲ ಹನಿ ಬಿದ್ದೊಡನೆ ವೈಪರ್ ತಾನಾಗಿ ಎದ್ದು ಗಾಜನ್ನು ಒರೆಸುತ್ತದೆ. ಮಳೆ ಬಿರುಸಾದರೆ ತಾನೂ ಬಿರುಸಾಗುತ್ತದೆ. ಮಳೆ ನಿಂತರೆ ಸದ್ದಿಲ್ಲದೆ ಮಲಗುತ್ತದೆ. ಮುಂದಿನ ವಾಹನದ ವೇಗವನ್ನು ನೋಡಿಕೊಂಡು ತನ್ನ ವೇಗವನ್ನು ತಾನೇ ಹೊಂದಿಸಿಕೊಳ್ಳುವ 'ಅಡಾಪ್ಟಿವ್ ಕ್ರೂಸ್ ಕಂಟ್ರೋಲ್' ಎಂಬ ವ್ಯವಸ್ಥೆಯೂ ಇದರ ಜೊತೆಗೇ ಬಂದಿದೆ. ಕೆಲವು ವರ್ಷಗಳ ಹಿಂದೆ ಸಿರಿವಂತರ ವಿದೇಶಿ ಕಾರುಗಳಲ್ಲಷ್ಟೇ ಇದ್ದ ಈ ಸೌಲಭ್ಯ, 2021ರ ನಂತರ ಬ್ಯಾಂಕ್ ಸಾಲದ ಮೇಲೆ ಕಾರು ಕೊಳ್ಳುವ ಮಧ್ಯಮ ವರ್ಗದ ಅಂಗಳಕ್ಕೂ ಇಳಿದಿದೆ.

ಅಂತಹ ಒಂದು ಅಂಗಳ ನನ್ನದು. ಮನೆ ಕುಮಟಾದಲ್ಲಿ, ಉದ್ಯೋಗ ಭಟ್ಕಳದಲ್ಲಿ. ನಡುವಿನ ಸುಮಾರು 60 ಕಿಲೋಮೀಟರ್ ದಾರಿಯನ್ನು ವಾರಕ್ಕೆ ಹಲವು ಬಾರಿ ಕ್ರಮಿಸಬೇಕು. ಶಿರಾಲಿ, ಬೈಲೂರು, ಮಂಕಿ, ಕಾಸರಕೋಡ ದಾಟಿ, ಶರಾವತಿಯ ಸೇತುವೆ ಹತ್ತಿ ಇಳಿದು, ಹೊನ್ನಾವರದಿಂದ ಕರ್ಕಿ, ಹಳದೀಪುರ, ಧಾರೇಶ್ವರದ ಮೂಲಕ ಕುಮಟಾ ಸೇರುವ ಹೆದ್ದಾರಿ ಅದು. ಹಳಬರ ಬಾಯಲ್ಲಿ ಇಂದಿಗೂ ಅದು 'ಹದಿನೇಳು'. ಸರ್ಕಾರದ ಕಡತದಲ್ಲಿ 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾದ ಮೇಲೆ ಅದು 'ಅರವತ್ತಾರು'. ಈ ದಾರಿಯಲ್ಲಿ ಹೊಸ ಕಾರಿನೊಡನೆ ಒಂದು ಬೇಸಿಗೆಯನ್ನೂ ಒಂದು ಪೂರ್ಣ ಮಳೆಗಾಲವನ್ನೂ ಕಳೆದಿದ್ದೇನೆ. ಕಾರು ಚೆನ್ನಾಗಿದೆ ಎಂದು ಹೇಳುವುದಕ್ಕಾಗಿ ಈ ಬರಹವಲ್ಲ. ಕೆಟ್ಟದ್ದೆಂದು ದೂರುವುದಕ್ಕೂ ಅಲ್ಲ. ಅಷ್ಟೆಲ್ಲ ಜಾಣ್ಮೆ ಕಲಿತ ವಾಹನ ಓಡುವ ರಸ್ತೆ ಎಷ್ಟು ಜಾಣ್ಮೆ ಕಲಿತಿದೆ ಎಂಬ ಪ್ರಶ್ನೆ ಈ ಒಂದು ವರ್ಷದಿಂದ ನನ್ನನ್ನು ಕಾಡುತ್ತಿದೆ.

ಮೊದಲಿಗೆ ಈ ಯಂತ್ರಗಳು ಕೆಲಸ ಮಾಡುವ ಬಗೆಯನ್ನು ನೋಡೋಣ. ಒಳಗನ್ನಡಿಯ ಹಿಂಭಾಗದಲ್ಲಿ, ಮುಂಗಾಜಿಗೆ ಅಂಟಿಕೊಂಡಂತೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಓರೆಯಾಗಿ ಗಾಜಿನೊಳಗೆ ಹಾಯಿಸುತ್ತದೆ. ಗಾಜು ಒಣಗಿದ್ದರೆ ಆ ಬೆಳಕು ಹೊರಮೈಗೆ ತಾಗಿ ಪ್ರತಿಫಲಿಸಿ ಬಹುಪಾಲು ಡಬ್ಬಿಗೇ ಹಿಂದಿರುಗುತ್ತದೆ. ಗಾಜಿನ ಮೇಲೆ ನೀರಿನ ಹನಿ ಕುಳಿತಿದ್ದರೆ ಒಂದಿಷ್ಟು ಬೆಳಕು ಹನಿಯ ಮೂಲಕ ಹೊರಗೆ ಸೋರಿಹೋಗುತ್ತದೆ. ಹಿಂದಿರುಗಿದ ಬೆಳಕು ಎಷ್ಟು ಕಡಿಮೆಯೋ ಮಳೆ ಅಷ್ಟು ಜೋರು ಎಂಬುದು ಯಂತ್ರದ ತರ್ಕ. ಕ್ರೂಸ್ ಕಂಟ್ರೋಲಿನದು ಇನ್ನೊಂದು ಬಗೆ. ಕಾರಿನ ಮೂತಿಯಲ್ಲಿ ಅಡಗಿರುವ ರೇಡಾರ್ ಮುಂದಿನ ವಾಹನಕ್ಕೆ ಅಲೆಗಳನ್ನು ಕಳಿಸಿ, ಅವು ಮರಳಿ ಬರುವ ರೀತಿಯಿಂದ ಅಂತರವನ್ನೂ ವೇಗವನ್ನೂ ಲೆಕ್ಕಹಾಕುತ್ತದೆ. ಹಲವು ಕಾರುಗಳಲ್ಲಿ ಇದರ ನೆರವಿಗೆ ಕ್ಯಾಮೆರಾ ಕೂಡ ಇರುತ್ತದೆ. ಚಾಲಕ ವೇಗವನ್ನೂ ಬಿಡಬೇಕಾದ ಅಂತರವನ್ನೂ ನಿಗದಿಪಡಿಸಿದರಾಯಿತು. ಆಕ್ಸಿಲರೇಟರ್, ಬ್ರೇಕುಗಳ ಉಸ್ತುವಾರಿಯನ್ನು ಕಾರೇ ವಹಿಸಿಕೊಳ್ಳುತ್ತದೆ.

ಇವುಗಳ ಹಿಂದಿನ ಮನುಷ್ಯರ ಕಥೆ ಯಂತ್ರಕ್ಕಿಂತ ಸ್ವಾರಸ್ಯಕರವಾದುದು. ಕಾರಿನ ವೈಪರಿಗೆ 1903ರಲ್ಲಿ ಪೇಟೆಂಟ್ ಪಡೆದವಳು ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್. ನ್ಯೂಯಾರ್ಕಿನ ಹಿಮದಲ್ಲಿ ಮುಂದಿನ ದಾರಿ ಕಾಣಲೆಂದು ಟ್ರ್ಯಾಮ್ ಚಾಲಕನೊಬ್ಬ ಪಡುತ್ತಿದ್ದ ಪಾಡನ್ನು ಕಂಡು ಹೊಳೆದ ಉಪಾಯ ಅದು. ಬಿಟ್ಟುಬಿಟ್ಟು ಒರೆಸುವ ವೈಪರನ್ನು 1960ರ ದಶಕದಲ್ಲಿ ರೂಪಿಸಿದವನು ರಾಬರ್ಟ್ ಕರ್ನ್ಸ್. ಮದುವೆಯ ರಾತ್ರಿ ಷಾಂಪೇನ್ ಬಾಟಲಿಯ ಬಿರಡೆ ಸಿಡಿದು ಅವನ ಒಂದು ಕಣ್ಣು ಊನಗೊಂಡಿತ್ತು. ಕಣ್ಣಿನ ರೆಪ್ಪೆ ಬೇಕೆಂದಾಗ ಮಾತ್ರ ಮಿಟುಕುವಂತೆ ವೈಪರ್ ಏಕೆ ಮಿಟುಕಬಾರದು ಎಂದು ಯೋಚಿಸಿದವನು ಅವನು. ತನ್ನ ಹಕ್ಕಿಗಾಗಿ ದೊಡ್ಡ ಕಾರು ಕಂಪನಿಗಳೊಡನೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸೆಣಸಿದ. 1990ರಲ್ಲಿ ಫೋರ್ಡ್ ಕಂಪನಿ ಪರಿಹಾರ ಕೊಟ್ಟು ರಾಜಿಯಾಯಿತು. ಇನ್ನು, ಕ್ರೂಸ್ ಕಂಟ್ರೋಲಿನ ಜನಕ ರಾಲ್ಫ್ ಟೀಟರ್ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಎಂಜಿನಿಯರ್. ಪಕ್ಕದಲ್ಲಿ ಕುಳಿತವನಿಗೆ ಚಾಲಕನ ಪಾದದ ಚಾಂಚಲ್ಯ ಚೆನ್ನಾಗಿ ಗೊತ್ತಾಗುತ್ತಿತ್ತು. ಅದನ್ನು ನಿಯಂತ್ರಿಸುವ ಅವನ ಸಾಧನಕ್ಕೆ 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರಲ್ಲಿ ಅದು ಕ್ರೈಸ್ಲರ್ ಕಾರುಗಳಿಗೆ ಬಂತು. ಅದಕ್ಕೆ ರೇಡಾರಿನ ಕಣ್ಣು ಕೂಡಿಕೊಂಡದ್ದು 1990ರ ದಶಕದ ಕೊನೆಯಲ್ಲಿ. ಕಣ್ಣಿನ ಕೊರತೆಯನ್ನು ಬಲ್ಲವರೇ ನಮಗೆ ಕಾಣುವ ಅನುಕೂಲವನ್ನು ಕೊಟ್ಟರು ಎಂಬುದು ನೆನಪಿಡಬೇಕಾದ ಸಂಗತಿ.

ನಮ್ಮ ಊರುಗಳಲ್ಲಿ ಈ ಅನುಕೂಲದ ಬೆಲೆ ಏನೆಂಬುದು ಹಿಂದಿನ ದಿನಗಳನ್ನು ಕಂಡವರಿಗೆ ಗೊತ್ತು. ನನ್ನ ಬಾಲ್ಯದಲ್ಲಿ ಬಸ್ಸಿನ ವೈಪರ್ ಕೈಕೊಟ್ಟರೆ ಚಾಲಕರು ಹೊಗೆಸೊಪ್ಪನ್ನು ಗಾಜಿಗೆ ಉಜ್ಜಿ, ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡುತ್ತಿದ್ದರು. ಕಿಟಕಿಯಿಂದ ತಲೆ ಹೊರಹಾಕಿ, ಕಣ್ಣು ಕಿರಿದುಮಾಡಿಕೊಂಡು ಗಾಡಿ ಓಡಿಸಿದವರನ್ನೂ ಕಂಡಿದ್ದೇನೆ. ಆ ದಿನಗಳ ಬಗ್ಗೆ ಹಳಹಳಿಕೆ ಅನಗತ್ಯ. ಬೇಸಿಗೆಯ ಸಂಜೆ, ಮಂಕಿಯ ಆಚೆ ನಾಲ್ಕು ಪಥದ ರಸ್ತೆ ನೇರವಾಗಿ ಚಾಚಿಕೊಂಡಿರುವಲ್ಲಿ ಕ್ರೂಸ್ ಕಂಟ್ರೋಲ್ ಹಾಕಿಕೊಂಡರೆ ಸಿಗುವ ನಿರಾಳ ಸುಳ್ಳಲ್ಲ. ಮುಂದಿನ ಲಾರಿ ನಿಧಾನವಾದರೆ ಕಾರೂ ನಿಧಾನವಾಗುತ್ತದೆ. ಮೊಣಕಾಲಿನ ನೋವು ಕಡಿಮೆ, ಮನಸ್ಸಿನ ಸಿಡಿಮಿಡಿಯೂ ಕಡಿಮೆ. ಎದುರಿನವನನ್ನು ಹಿಂದಿಕ್ಕಲೇಬೇಕೆಂಬ ಛಲವನ್ನು ಕೂಡ ಈ ಯಂತ್ರ ಅಷ್ಟಿಷ್ಟು ಕರಗಿಸುತ್ತದೆ.

ಆದರೆ ಈ ಯಂತ್ರಗಳು ಹುಟ್ಟಿದ್ದು ಬೇರೆ ರಸ್ತೆಗಳಿಗಾಗಿ. ಇದು ಮೊದಲು ಅರಿವಾಗುವುದು ಮೀನಿನ ಲಾರಿಯ ಹಿಂದೆ ಸಿಕ್ಕಿಕೊಂಡಾಗ. ಐಸು ಕರಗಿ, ಉಪ್ಪು, ರಕ್ತ, ಜಿಡ್ಡು ಕೂಡಿದ ನೀರು ರಸ್ತೆಯುದ್ದಕ್ಕೂ ಸುರಿಯುತ್ತ, ಹಿಂದಿನ ವಾಹನಗಳ ಗಾಜಿಗೆ ಚಿಮ್ಮುತ್ತ ಹೋಗುತ್ತದೆ. ಬೆಳಕು ಕಡಿಮೆಯಾದದ್ದಷ್ಟೇ ಗೊತ್ತಾಗುವ ಸೆನ್ಸರ್ ಅದನ್ನು ಮಳೆಯೆಂದೇ ಬಗೆದು ವೈಪರನ್ನು ಎಬ್ಬಿಸುತ್ತದೆ. ವೈಪರ್ ಜಿಡ್ಡನ್ನು ಗಾಜಿಗೆಲ್ಲ ಬಳಿಯುತ್ತದೆ. ಇಳಿಬಿಸಿಲಿನಲ್ಲಿ ಆ ಗಾಜಿನ ಮೂಲಕ ಏನೂ ಕಾಣದು. ಆಗ ಚಾಲಕ ತಾನೇ ಸೋಪಿನ ನೀರು ಚಿಮ್ಮಿಸಿ ತೊಳೆಯಬೇಕು. ಅತ್ತ, ಗಾಜಿನ ಮೇಲೆ ಕೆಸರಿನ ತೆಳುಪೊರೆ ಕುಳಿತರೆ ಕ್ಯಾಮೆರಾ ಮಂಕಾಗುತ್ತದೆ. ಆಷಾಢದ ಜಡಿಮಳೆಯಲ್ಲಿ ರೇಡಾರ್ ಕೂಡ ಆಗಾಗ ಕೈಚೆಲ್ಲಿ, 'ಸದ್ಯಕ್ಕೆ ಈ ಸೌಲಭ್ಯ ಲಭ್ಯವಿಲ್ಲ' ಎಂಬರ್ಥದ ಸೂಚನೆಯನ್ನು ಇಂಗ್ಲಿಷಿನಲ್ಲಿ ಕೊಡುತ್ತದೆ. ಮಳೆ ಜೋರಾದಷ್ಟೂ ಯಂತ್ರದ ನೆರವು ಕಡಿಮೆ ಎಂದಾಯಿತು.

ಅದಕ್ಕಿಂತ ಗಂಭೀರವಾದುದು ರೇಡಾರಿನ ದೃಷ್ಟಿದೋಷ. ಒಂದೇ ದಿಕ್ಕಿನಲ್ಲಿ ಚಲಿಸುವ ಕಾರು, ಲಾರಿಗಳನ್ನು ಅದು ಸೊಗಸಾಗಿ ಹಿಂಬಾಲಿಸುತ್ತದೆ. ನಿಂತ ವಾಹನ, ಪಕ್ಕದಿಂದ ನುಸುಳುವ ಬೈಕು, ರಸ್ತೆ ದಾಟುವ ಮನುಷ್ಯ, ಪ್ರಾಣಿ ಇವನ್ನು ಗುರುತಿಸದೇ ಹೋಗಬಹುದು ಎಂದು ಕಾರಿನೊಡನೆ ಕೊಟ್ಟ ಕೈಪಿಡಿಯೇ ಎಚ್ಚರಿಸುತ್ತದೆ. ತಿರುವಿನಲ್ಲಿ ಮುಂದಿನ ಲಾರಿ ರೇಡಾರಿನ ನೋಟದಿಂದ ಕ್ಷಣಕಾಲ ಜಾರಿದರೆ, ದಾರಿ ಖಾಲಿಯೆಂದು ಬಗೆದು ಕಾರು ವೇಗ ಹೆಚ್ಚಿಸಲು ಹೊರಡುವುದೂ ಉಂಟು. ನಮ್ಮ ಹೆದ್ದಾರಿಯಲ್ಲಿ ಇರುವುದೇ ಇವೆಲ್ಲ! ಬುಟ್ಟಿ ಹೊತ್ತು ವಿಭಜಕವನ್ನು ಏರಿ ಇಳಿಯುವ ಮೀನುಗಾರ ಹೆಂಗಸರು, ಸುತ್ತುಬಳಸುವ ಬದಲು ಎದುರು ದಿಕ್ಕಿನಲ್ಲೇ ಬರುವ ಸ್ಕೂಟರು, ಶಾಲೆ ಬಿಟ್ಟೊಡನೆ ಕೊಡೆ ಅಡ್ಡ ಹಿಡಿದು ಓಡುವ ಮಕ್ಕಳು, ಮಳೆಗಾಲದ ರಾತ್ರಿ ಡಾಂಬರಿನ ಮೇಲೆ ಹಿಂಡು ಹಿಂಡಾಗಿ ಮಲಗುವ ದನ, ಎಮ್ಮೆಗಳು. ಕಾರಿನ ಗುಣಗಾನವನ್ನೆಲ್ಲ ಕೇಳಿಸಿಕೊಂಡ ಹಳದೀಪುರದ ನನ್ನ ಸೋದರತ್ತೆ ಒಂದೇ ಮಾತು ಕೇಳಿದರು: "ಮಳೆ ಬಂದದ್ದು ಗಾಜಿಗೆ ಗೊತ್ತಾಗ್ತು, ದಾರಿ ಮೇಲೆ ಎಮ್ಮೆ ಮಲಗಿದ್ದು ಗೊತ್ತಾಗ್ತಿಲ್ಯ ತಮಾ?" ತಂತ್ರಜ್ಞಾನದ ವಿಮರ್ಶೆ ಇದಕ್ಕಿಂತ ಅಡಕವಾಗಿರಲು ಸಾಧ್ಯವಿಲ್ಲ.

ಅಂಕಿಅಂಶಗಳೂ ಅತ್ತೆಯ ಪರವಾಗಿವೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಜೀವ ತೆತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. 32,825 ಮಂದಿ ಕಾಲ್ನಡಿಗೆಯವರು. ಇವೆರಡನ್ನು ಕೂಡಿದರೆ ಸತ್ತವರಲ್ಲಿ ನೂರಕ್ಕೆ ಅರವತ್ತನಾಲ್ಕು ಮಂದಿ. ನಾನು ಹೆಚ್ಚಿನ ಹಣ ತೆತ್ತು ಕೊಂಡ ಸುರಕ್ಷತೆ ಮೊದಲು ಕಾಯುವುದು ಕಾರಿನೊಳಗಿರುವ ನನ್ನನ್ನು. ಅದರ ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಇನ್ನೊಂದು ಕಾರು ಅಥವಾ ಲಾರಿ. ಸಾಯುವವರಲ್ಲಿ ಹೆಚ್ಚಿನವರಾದರೋ ಕಾರಿನ ಹೊರಗಿರುವವರು. ಯಂತ್ರಕ್ಕೆ ಅಷ್ಟು ಚೆನ್ನಾಗಿ ಕಾಣಿಸದವರು. ಸುರಕ್ಷತೆಯೂ ಕೊಳ್ಳುವ ಶಕ್ತಿಯಿದ್ದವರಿಗೆ ಮೊದಲು ದಕ್ಕುವ ಸರಕಾಗಿದೆ ಎನ್ನದೆ ವಿಧಿಯಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಒಣ ರಸ್ತೆಯಲ್ಲಿ ಮುಂದಿನ ವಾಹನದಿಂದ ಎರಡು ಸೆಕೆಂಡಿನ, ಎಂದರೆ ಸುಮಾರು 44 ಮೀಟರಿನ ಅಂತರವಿರಬೇಕು. ರಸ್ತೆ ಒದ್ದೆಯಾದರೆ ಚಕ್ರದ ಹಿಡಿತ ಸಡಿಲುವುದರಿಂದ ಅದು ಇಮ್ಮಡಿಯಾಗಬೇಕು ಎಂಬುದು ಸುರಕ್ಷಿತ ಚಾಲನೆಯ ಪಾಠ. ನನ್ನ ಕಾರಿನ ವೈಪರಿಗೆ ಮಳೆ ಬರುತ್ತಿದೆಯೆಂದು ಗೊತ್ತು. ಆದರೆ ಅದೇ ಕಾರಿನ ಕ್ರೂಸ್ ಕಂಟ್ರೋಲ್ ಬಿಸಿಲಿನಲ್ಲಿ ಬಿಟ್ಟಷ್ಟೇ ಅಂತರವನ್ನು ಮಳೆಯಲ್ಲೂ ಬಿಡುತ್ತದೆ. ಒಂದು ಸೂರಿನಡಿಯ ಎರಡು ಯಂತ್ರಗಳ ನಡುವೆ ಮಾತುಕತೆ ಇಲ್ಲ! ನೀರು ನಿಂತ ರಸ್ತೆಯಲ್ಲಿ ಕ್ರೂಸ್ ಬಳಸಲೇಬೇಡಿ ಎಂದು ಕೈಪಿಡಿ ಹೇಳುತ್ತದೆ ನಿಜ. ಆದರೆ ಕರಾವಳಿಯಲ್ಲಿ ಅದರರ್ಥ, ವರ್ಷದಲ್ಲಿ ಹೆಚ್ಚುಕಡಿಮೆ ನಾಲ್ಕು ತಿಂಗಳು ಅದನ್ನು ಮುಟ್ಟಬಾರದು ಎಂದೇ. ನಾನಂತೂ ಜೂನ್ ಮೊದಲ ವಾರದಿಂದ ಆ ಗುಂಡಿಯನ್ನು ಮರೆತುಬಿಡುತ್ತೇನೆ.

ಮಾತುಕತೆಯಿಲ್ಲದ ಈ ಸಂಸಾರ ಕಾರಿನೊಳಗೆ ಮಾತ್ರವೇ ಇರುವುದೇ? ಮಳೆಗಾಲದಲ್ಲಿ ಹವಾಮಾನ ಇಲಾಖೆ ಉತ್ತರ ಕನ್ನಡಕ್ಕೆ 'ರೆಡ್ ಅಲರ್ಟ್' ಘೋಷಿಸುತ್ತದೆ. ಜಿಲ್ಲಾಡಳಿತ ಶಾಲೆ, ಅಂಗನವಾಡಿಗಳಿಗೆ ರಜೆ ಸಾರುತ್ತದೆ. ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಎನ್ನಲಾಗುತ್ತದೆ. ಹೆದ್ದಾರಿಗೆ ಮಾತ್ರ ಈ ಸುದ್ದಿ ತಲುಪುವುದೇ ಇಲ್ಲ. ಮೇ ತಿಂಗಳ ಸುಡುಬಿಸಿಲಿಗೆ ಬರೆದ ವೇಗಮಿತಿಯ ಫಲಕವೇ ಜುಲೈ ತಿಂಗಳ ಬಿರುಮಳೆಗೂ. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡಿನ ರಸ್ತೆಗೆ ಮಳೆಯೆಂದರೇನೆಂದೇ ತಿಳಿಯದು. ಮಳೆಯನ್ನು ಕಂಡು ತನ್ನ ನಡೆಯನ್ನು ಬದಲಿಸಿಕೊಳ್ಳುವ ವಿವೇಕ ಇಪ್ಪತ್ತು ಲಕ್ಷದ ಕಾರಿನ ವೈಪರಿಗಿದೆ. ಕೋಟ್ಯಂತರ ರೂಪಾಯಿಯ ರಸ್ತೆಗಿಲ್ಲ.

ಇದು ಆಗದ ಕೆಲಸವೇನಲ್ಲ ಎಂಬುದಕ್ಕೆ ನಿದರ್ಶನ ಹೆದ್ದಾರಿಯ ಪಕ್ಕದಲ್ಲೇ ಇದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಮೂಲಕವೇ ಸಾಗುವ ಕೊಂಕಣ ರೈಲ್ವೆ 1998ರಲ್ಲಿ ಪೂರ್ಣವಾಗಿ ಆರಂಭವಾಯಿತು. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರೈಲು ಮಹಾರಾಷ್ಟ್ರದ ವೈಭವವಾಡಿಯ ಬಳಿ, ಹಳಿಯ ಮೇಲೆ ಕುಸಿದಿದ್ದ ಬಂಡೆಗಳಿಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷದ ಜೂನ್‌ನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕೂಡ ಇಂತಹುದೇ ಅಪಘಾತಕ್ಕೆ ಈಡಾಯಿತು. ಇಂದು ಆ ಮಾರ್ಗಕ್ಕೆ ಪ್ರತಿವರ್ಷ ಪ್ರತ್ಯೇಕ ಮಳೆಗಾಲದ ವೇಳಾಪಟ್ಟಿಯಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ರೈಲುಗಳು ನಿಧಾನವಾಗಿ ಓಡುತ್ತವೆ. ಮುಂದಿನ ಹಳಿ ಸರಿಯಾಗಿ ಕಾಣದಷ್ಟು ಮಳೆ ಬಂದರೆ ವೇಗವನ್ನು ಗಂಟೆಗೆ 40 ಕಿಲೋಮೀಟರಿಗೆ ಇಳಿಸಬೇಕೆಂಬ ಆದೇಶ ಚಾಲಕರಿಗಿದೆ. ಅಪಾಯದ ಕೊರಕಲುಗಳಲ್ಲಿ ಕಾವಲುಗಾರರು ಗಸ್ತು ತಿರುಗುತ್ತಾರೆ. ಪ್ರಯಾಣಿಕರು ತಡವಾಯಿತೆಂದು ಗೊಣಗುತ್ತಾರೆ, ಆದರೆ ಕ್ಷೇಮವಾಗಿ ಊರು ಸೇರುತ್ತಾರೆ. ದೂರದ ಫ್ರಾನ್ಸಿನ ಹೆದ್ದಾರಿಗಳಲ್ಲೂ ಒಣಹವೆಗೆ 130, ಮಳೆಗೆ 110 ಎಂದು ಎರಡು ವೇಗಮಿತಿಗಳಿವೆ. ಅದೇ ಗುಡ್ಡ, ಅದೇ ಮಳೆ, ಅದೇ ಮಣ್ಣು. ರೈಲು ಕಲಿತ ಪಾಠವನ್ನು ರಸ್ತೆ ಏಕೆ ಕಲಿಯಬಾರದು?

ಕಲಿಯದೇ ಇದ್ದುದರ ಬೆಲೆಯನ್ನು ನಾವು ಕಂಡಿದ್ದೇವೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳ ತಾಲ್ಲೂಕಿನಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತರು. 2024ರ ಜುಲೈ 16ರಂದು ಕುಮಟಾದಿಂದ ಅನತಿದೂರದ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು, ಚಹಾದಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಹನ್ನೊಂದು ಮಂದಿ ಬಲಿಯಾದರು. ನದಿಯಾಳದಿಂದ ಲಾರಿಯೊಂದನ್ನು ಮೇಲೆತ್ತಲು ಸೆಪ್ಟೆಂಬರ್ ಕೊನೆಯ ವಾರದವರೆಗೆ ಕಾಯಬೇಕಾಯಿತು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ್ದೇ ಪುಣ್ಯ. ಯಾವ ಕಾರಿನ ಯಾವ ರೇಡಾರೂ ಜಾರಲು ಅಣಿಯಾದ ಗುಡ್ಡವನ್ನಾಗಲಿ ಶಿಥಿಲವಾದ ಸೇತುವೆಯನ್ನಾಗಲಿ ಕಾಣಲಾರದು. ಅದನ್ನು ಕಾಣಬೇಕಾದವರು ಮನುಷ್ಯರು. ಕಂಡು ಹೇಳಬೇಕಾದದ್ದು ವ್ಯವಸ್ಥೆ.

ಹೀಗಿರುವಾಗ ಆಗಬೇಕಾದುದೇನು? ಹೆದ್ದಾರಿಗೂ ಒಂದು ಮಳೆಗಾಲದ ವೇಳಾಪಟ್ಟಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತ್ಯೇಕ ವೇಗಮಿತಿ, ರೆಡ್ ಅಲರ್ಟ್ ಇದ್ದಾಗ ಅದಕ್ಕಿಂತಲೂ ಕಡಿಮೆ ಮಿತಿ, ಅದನ್ನು ಕನ್ನಡದಲ್ಲಿ ತೋರಿಸುವ ಬೆಳಕಿನ ಫಲಕಗಳು ಬೇಕು. ಗುಡ್ಡ ಕಡಿದ ಜಾಗಗಳಲ್ಲಿ ರೈಲ್ವೆಯಂತೆ ಮಳೆಗಾಲದ ಗಸ್ತು ಬೇಕು. ಕರ್ಕಿ, ಹಳದೀಪುರ, ಮಂಕಿ, ಶಿರಾಲಿಯಂತಹ ಊರುಗಳನ್ನು ಹೆದ್ದಾರಿ ಸೀಳಿಕೊಂಡು ಹೋಗಿರುವಲ್ಲಿ ಜನ ದಾಟಲು ದಾರಿ, ದೀಪ ಬೇಕು. ಮೀನಿನ ಲಾರಿಗಳ ಕೊಳಕು ನೀರು ರಸ್ತೆಗೆ ಹರಿಯದಂತೆ ತೊಟ್ಟಿ ಕಡ್ಡಾಯವಾಗಬೇಕು. ಆ ನೀರಿನಿಂದ ನನ್ನ ಗಾಜು ಮಂಕಾದೀತು, ಹಿಂದಿನಿಂದ ಬರುವ ಬೈಕಿನವನ ಪ್ರಾಣವೇ ಹೋದೀತು. ಕಾರು ಮಾರುವವರು ಯಂತ್ರದ ಗುಣಗಳನ್ನು ಹೇಳುವಷ್ಟೇ ಸ್ಪಷ್ಟವಾಗಿ ಅದರ ಮಿತಿಗಳನ್ನು ಕೊಳ್ಳುವವರ ಭಾಷೆಯಲ್ಲಿ ಹೇಳಬೇಕು. ಇವಾವುವೂ ಕೃತಕ ಬುದ್ಧಿಮತ್ತೆಯನ್ನು ಬೇಡುವ ಕೆಲಸಗಳಲ್ಲ. ಇದ್ದ ಬುದ್ಧಿಯನ್ನು ಬಳಸಿದರೆ ಸಾಕು.

ಚಾಲಕರಾದ ನಮ್ಮ ಪಾಲಿನ ಹೊಣೆಯೂ ಇದೆ. ಬ್ರಿಟನ್ನಿನ ಮನೋವಿಜ್ಞಾನಿ ಲಿಸಾನ್ ಬೈನ್‌ಬ್ರಿಜ್ 1983ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಸ್ವಯಂಚಾಲಿತ ಯಂತ್ರಗಳ ವಿಪರ್ಯಾಸವನ್ನು ಗುರುತಿಸಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರ ತಾನೇ ಮಾಡುತ್ತದೆ; ತನ್ನಿಂದಾಗದ ಕಠಿಣ ಗಳಿಗೆಯಲ್ಲಿ ಮನುಷ್ಯನಿಗೆ ಒಪ್ಪಿಸಿಬಿಡುತ್ತದೆ; ಅಷ್ಟರಲ್ಲಿ ಮನುಷ್ಯನಿಗೆ ಅಭ್ಯಾಸವೇ ತಪ್ಪಿರುತ್ತದೆ ಎಂಬುದು ಅವರ ವಾದದ ತಿರುಳು. ಹತ್ತು ತಿಂಗಳ ಹುಡುಗಾಟದ ಮಳೆಗೆ ವೈಪರನ್ನು ತಾವೇ ಆಡಿಸಿ ಅರಿಯದ ಕೈ, ಶರಾವತಿಯ ಸೇತುವೆಯ ಮೇಲೆ ಗಾಳಿಯೊಡನೆ ಅಡ್ಡ ಹೊಡೆಯುವ ಮಳೆಯಲ್ಲಿ ಏನು ಮಾಡೀತು? ಈಚೆಗೆ ಕಾರು ಕಲಿತ ಯುವಕರು ನನ್ನನ್ನು ಕೇಳಿದಾಗಲೆಲ್ಲ ನಾನು ಹೇಳುವುದು ಇಷ್ಟೇ: ಯಂತ್ರವನ್ನು ಬಳಸಿ, ಆದರೆ ಪಾದವನ್ನು ಬ್ರೇಕಿನ ಸಮೀಪದಲ್ಲೂ ಕಣ್ಣನ್ನು ದಾರಿಯ ಅಂಚಿನಲ್ಲೂ ಇಟ್ಟುಕೊಳ್ಳಿ. ಅಪಾಯ ಬರುವುದು ಮುಂದಿನಿಂದಲ್ಲ, ಅಂಚಿನಿಂದ.

ಕಾರು ಜಾಣವಾಗುವುದನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಮುಂದಿನ ವರ್ಷಗಳಲ್ಲಿ ಈ ಯಂತ್ರಗಳ ಕಣ್ಣು ಇನ್ನಷ್ಟು ಚುರುಕಾದೀತು, ಬೈಕನ್ನೂ ಎಮ್ಮೆಯನ್ನೂ ಗುರುತಿಸೀತು. ಆದರೆ ಮಂಕಿಯಲ್ಲಿ ರಸ್ತೆ ದಾಟುವ ಮುದುಕಿಯ ಜೀವ, ಅಂದು ಆ ದಾರಿಯಲ್ಲಿ ಬಂದ ಕಾರು ಎಷ್ಟು ಬೆಲೆಯದ್ದು ಎಂಬುದರ ಮೇಲೆ ನಿಂತಿರಬಾರದು. ಮಳೆಯನ್ನು ಅರಿತು ನಡೆಯುವ ರಸ್ತೆಯಿದ್ದರೆ ಹಳೆಯ ಅಂಬಾಸಡರ್ ಕೂಡ ಸುರಕ್ಷಿತ. ಅಂತಹ ರಸ್ತೆಗೆ ಒತ್ತಾಯಿಸುವ ಮನಸ್ಸು, ಹೊಸ ಕಾರಿನ ಮೆತ್ತನೆಯ ಆಸನದಲ್ಲಿ ಕುಳಿತ ನಮಗೆ ಇದೆಯೇ?